ಸಹಾಯ ಬೇಕು: ಎಂಜಿನ್–ಗೇರ್‌ಬಾಕ್ಸ್ ನಡುವಿನ ರಬ್ಬರ್ ಕಪ್ಲಿಂಗ್‌ಗೆ ಬಾಳಿಕೆಯ ವಸ್ತು ಯಾವುದು?

ಸದಸ್ಯರೆಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತಿರುವ ನಾನು, ಹೊಲದೊಳಗಿಂದ ಮೆಕ್ಕೆಜೋಳದ ಚೀಲಗಳನ್ನು ಸಾಗಿಸಲೆಂದು, ಸಿಂಗಲ್ ಸಿಲಿಂಡರ್ ಡೀಸೆಲ್ ಎಂಜಿನ್ನಿಗೆ ಹಳೆಯ ಜೀಪಿನ ಗೇರ್‌ಬಾಕ್ಸ್ ಜೋಡಿಸಿ ಒಂದು ಗಾಡಿಯನ್ನು ಕಟ್ಟಿದ್ದೇನೆ. ಇವೆರಡರ ಶಾಫ್ಟ್‌ಗಳನ್ನು ಜೋಡಿಸಲು ನಡುವೆ ಹಾಕಿದ್ದ ರಬ್ಬರ್ ಕಪ್ಲಿಂಗ್ ನಾಲ್ಕೇ ತಿಂಗಳಲ್ಲಿ ಬೋಲ್ಟ್ ರಂಧ್ರಗಳ ಸುತ್ತ ಬಿರುಕು ಬಿಟ್ಟಿತು. ಎಂಜಿನ್ ಆಯಿಲ್ ತಾಗಿದ ಕಡೆ ಉಬ್ಬಿಯೂ ಇತ್ತು. ಶಾಫ್ಟ್‌ಗಳ ನೇರವನ್ನು ಡಯಲ್ ಗೇಜ್ ಇಟ್ಟು ಎರಡು ಸಲ ನೋಡಿದ್ದೇನೆ, ದೋಷ ಅಲ್ಲಿಲ್ಲ.

ನೈಸರ್ಗಿಕ ರಬ್ಬರ್ ಪದೇ ಪದೇ ಹಿಗ್ಗಿ ಕುಗ್ಗುವುದನ್ನು ಚೆನ್ನಾಗಿ ತಾಳಿಕೊಂಡರೂ ಎಣ್ಣೆಗೆ ಹಾಗೂ ಬಿಸಿಗೆ ಸೋಲುತ್ತದೆ. ನೈಟ್ರೈಲ್ ಎಂಬ ಕೃತಕ ರಬ್ಬರ್ ಎಣ್ಣೆಯನ್ನು ತಡೆಯುತ್ತದೆ. ಪಾಲಿಯುರೆಥೇನ್ (ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್) ಸವೆತಕ್ಕೆ ಗಟ್ಟಿಯಾದರೂ, ಬಿಗಿಯಾದ ದರ್ಜೆಯನ್ನು ಆರಿಸಿದರೆ ಒಂಟಿ ಸಿಲಿಂಡರಿನ ಹೊಡೆತವನ್ನೆಲ್ಲ ಗೇರ್‌ಗಳಿಗೇ ದಾಟಿಸೀತು, ಜೊತೆಗೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದರ ಬಲ ಕುಗ್ಗೀತು ಎಂಬ ಅಳುಕು ನನಗಿದೆ. ಹಳೆಯ ಲಾರಿ ಟೈರನ್ನೇ ಕತ್ತರಿಸಿ ಹಾಕಿ ಎಂದು ಕೆಲವರು ಹೇಳುತ್ತಾರೆ; ಮನಸ್ಸು ಒಪ್ಪುತ್ತಿಲ್ಲ.

ನೈಲಾನ್ ಅಥವಾ ಪಾಲಿಯೆಸ್ಟರ್ ದಾರದ ಪದರವಿರುವ ನೈಟ್ರೈಲ್ ಕಪ್ಲಿಂಗನ್ನು ಇಂಥ ಗಾಡಿಯಲ್ಲಿ ಬಳಸಿದವರಿದ್ದರೆ, ಅದರ ಶೋರ್ A ಗಡಸುತನ (ರಬ್ಬರ್ ಎಷ್ಟು ಗಟ್ಟಿ ಎಂಬುದರ ಅಳತೆ) 60 ಇರಬೇಕೋ 70 ಇರಬೇಕೋ, ಬೋಲ್ಟ್ ರಂಧ್ರಗಳಿಗೆ ಉಕ್ಕಿನ ಬುಷ್ (ಒಳಗೆ ಕೂರುವ ಗಿಡ್ಡ ಕೊಳವೆ) ಕೂರಿಸುವುದರಿಂದ ಬಿರುಕು ತಪ್ಪುವುದೋ ಎಂಬುದನ್ನು ದಯವಿಟ್ಟು ಅನುಭವದಿಂದ ತಿಳಿಸಬೇಕಾಗಿ ವಿನಂತಿ.