ನೀರು, ಯುಜಿಡಿ (ಒಳಚರಂಡಿ) ಆದಮೇಲೇ ಸೈಟು ಬಿಡುಗಡೆ: ಮನವಿಯಲ್ಲಿ ಏನು ಬರೆಯೋಣ?

4ನೇ ಕ್ರಾಸ್ ನಿವಾಸಿ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಹಿಂದೆ 300 ಸೈಟಿನ ಲೇಔಟ್ ಬರ್ತಿದೆ. ಅದರ ಯುಜಿಡಿನ ನಮ್ಮ ಮೇನ್ ರೋಡಿನ 200 ಎಂಎಂ ಪೈಪಿಗೇ ಸೇರಿಸ್ತಾರಂತೆ. "ಲೇಔಟೇ ಬೇಡ" ಅಂತ ಬರೆದರೆ ಮನವಿ ನಿಲ್ಲಲ್ಲ. ಹಾಸನ ಬೆಳೀಲಿ, ಆದರೆ ಪೈಪು ತಡೆಯೋ ವೇಗದಲ್ಲಿ ಬೆಳೀಲಿ. ಲೆಕ್ಕ ಗೊತ್ತಿರೋರು ದಯವಿಟ್ಟು ಹಾಕಿ.

7ನೇ ಕ್ರಾಸ್, ಸಿವಿಲ್ ಎಂಜಿನಿಯರ್:
ಸರ್, ಸೈಟಿಗೆ ಒಂದೇ ಮನೆ, ಐದು ಜನ ಅಂದರೂ 1,500 ಜನ. ತಲೆಗೆ ದಿನಕ್ಕೆ 135 ಲೀಟರ್ ಅನ್ನೋ ಮಾನದಂಡದಲ್ಲಿ 2,02,500 ಲೀಟರ್ ನೀರು ಬೇಕು. ಅದರಲ್ಲಿ ಶೇ 80 ಕೊಳಚೆಯಾಗಿ ಹೊರಗೆ ಬರುತ್ತೆ, ಅಂದರೆ 1,62,000 ಲೀಟರ್. ಸರಾಸರಿ ಸೆಕೆಂಡಿಗೆ 1.9 ಲೀಟರ್. ಬೆಳಗ್ಗೆ ಎಲ್ಲರೂ ಸ್ನಾನಕ್ಕೆ ಇಳಿಯೋ ಹೊತ್ತಿಗೆ ಮೂರು ಪಟ್ಟು ಹಿಡೀಬೇಕು, 5.6 ಲೀಟರ್. 200 ಎಂಎಂ ಪೈಪು ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಪೂರ್ತಿ ತುಂಬಿ ಹರಿದರೆ ಸುಮಾರು 19 ಲೀಟರ್. ನಕ್ಷೆಯಲ್ಲಿ ಇದು ಸಲೀಸಾಗಿ ಪಾಸಾಗುತ್ತೆ.

ಆದರೆ ಇಲ್ಲಿ ಯಾರೂ ಒಂದೇ ಮನೆ ಕಟ್ಟಲ್ಲ. ಬಾಡಿಗೆಗೆ ಎರಡು ಸೇರಿ ಸೈಟಿಗೆ ಮೂರು ಮನೆ ಎದ್ದರೆ ಆ ಲೇಔಟಿನದೇ 17 ಲೀಟರ್ ಆಗುತ್ತೆ. ನಮ್ಮ ಮನೆಗಳ ಕೊಳಚೆ ಎಲ್ಲಿಗೆ ಹೋಗಬೇಕು? ನೀರೂ ಆರು ಲಕ್ಷ ಲೀಟರ್ ಬೇಕು. ಗೊರೂರಿನಿಂದ ಪಂಪ್ ಆಗಿ ಬರೋ ಹೇಮಾವತಿ ನೀರಿನಲ್ಲಿ ಅಷ್ಟನ್ನ ಯಾವ ಓವರ್‌ಹೆಡ್ ಟ್ಯಾಂಕಿಗೆ ಏರಿಸ್ತಾರೆ ಅನ್ನೋದು ಅನುಮೋದನೆ ಕಡತದಲ್ಲೇ ಇರಬೇಕು.

2ನೇ ಕ್ರಾಸ್ ನಿವಾಸಿ:
ಮಳೆಗಾಲದ ಲೆಕ್ಕಾನೂ ಸೇರಿಸಿ ಸರ್. ತಾರಸಿ ಪೈಪನ್ನ ಯುಜಿಡಿ ಚೇಂಬರಿಗೆ ಬಿಡೋರು ಬಹಳ ಜನ.

7ನೇ ಕ್ರಾಸ್, ಸಿವಿಲ್ ಎಂಜಿನಿಯರ್:
ಹೌದು ಮೇಡಂ, ಅದೇ ದೊಡ್ಡ ಪೆಟ್ಟು. 100 ಚದರ ಮೀಟರ್ ತಾರಸಿ ಮೇಲೆ ಗಂಟೆಗೆ 20 ಮಿ.ಮೀ. ಮಳೆ ಸುರಿದರೆ 2,000 ಲೀಟರ್. ಅಂಥ 30 ಮನೆ ಸಾಕು, ಸೆಕೆಂಡಿಗೆ 17 ಲೀಟರ್ ಬರುತ್ತೆ. ಆಗ ತಗ್ಗಿನ ಚೇಂಬರಿನ ಮುಚ್ಚಳ ಎದ್ದು, ಕೊಳಚೆ ಪಕ್ಕದ ಮನೆಗಳ ಬಚ್ಚಲಿಗೆ ವಾಪಸ್ ನುಗ್ಗುತ್ತೆ. ಮಳೆನೀರಿಗೆ ಬೇರೆ ಚರಂಡಿ ಇರಲೇಬೇಕು. ನಾವೂ ನಮ್ಮ ತಾರಸಿ ಪೈಪುಗಳನ್ನ ಈಗಲೇ ಬಿಡಿಸಬೇಕು. ಅದನ್ನ ಮಾಡದೆ ಲೇಔಟಿನವರನ್ನ ಕೇಳೋದು ಸರಿಯಲ್ಲ.

ಪಾರ್ಕ್ ರಸ್ತೆ, ವಕೀಲರು:
ಮೊದಲು ಮಹಾಯೋಜನೆ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಆ ಸರ್ವೆ ನಂಬರ್ ನೋಡಿ. ಹಸಿರು, ಅಂದರೆ ಕೃಷಿ ವಲಯ ಆಗಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 14ಎ ಪ್ರಕಾರ ಭೂ ಉಪಯೋಗ ಬದಲಾವಣೆಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಪ್ರಕಟಣೆಯಲ್ಲಿನ ಅವಧಿ ಮುಗಿಯೋದ್ರೊಳಗೆ ಲಿಖಿತವಾಗಿ ಕೊಡಿ. ಈಗಾಗಲೇ ಹಳದಿ, ವಸತಿ ವಲಯ ಆಗಿದ್ದರೆ ಆ ಅವಕಾಶ ಇಲ್ಲ. ಆಗ ಉಳಿಯೋದು ಕಲಂ 17ರ ಲೇಔಟ್ ಅನುಮೋದನೆ ಮತ್ತು ಸೈಟು ಬಿಡುಗಡೆಯ (ಸೈಟು ಮಾರೋಕೆ ಒಪ್ಪಿಗೆ ಕೊಡೋ) ಹಂತ. ಹಿಡಿತ ಇರೋದು ಬಿಡುಗಡೆಯಲ್ಲೇ.

ಆರ್‌ಟಿಐ ಎರಡು ಹಾಕಿ, ಒಂದರಲ್ಲೇ ತುರುಕಬೇಡಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, ಶುಲ್ಕ 10 ರೂ. ಮೊದಲನೆಯದರಲ್ಲಿ ಅನುಮೋದನೆ ಆದೇಶ, ಷರತ್ತುಗಳ ದೃಢೀಕೃತ ಪ್ರತಿ. ಎರಡನೆಯದರಲ್ಲಿ ಯುಜಿಡಿ ವಿನ್ಯಾಸ, ಸೇರುವ ಚೇಂಬರಿನ ಇನ್ವರ್ಟ್ ಲೆವೆಲ್ (ಪೈಪಿನ ಒಳತಳದ ಮಟ್ಟ). "ಯಾಕೆ" ಅಂತ ಕೇಳಬೇಡಿ, ದಾಖಲೆ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

7ನೇ ಕ್ರಾಸ್, ಸಿವಿಲ್ ಎಂಜಿನಿಯರ್:
ಲೆವೆಲ್ ಕೇಳೋದು ಮರೀಬೇಡಿ. ಅವರ ಲೈನು ನಮ್ಮದಕ್ಕಿಂತ ಕೆಳಗಿದ್ದರೆ ವೆಟ್‌ವೆಲ್ (ಕೊಳಚೆ ತುಂಬಿಸೋ ಬಾವಿ) ಮಾಡಿ ಪಂಪ್ ಹೊಡೀಬೇಕು. ಕರೆಂಟ್ ಹೋದಾಗ ಜನರೇಟರ್ ಇಲ್ಲದಿದ್ದರೆ ಅಲ್ಲೇ ಉಕ್ಕುತ್ತೆ.

4ನೇ ಕ್ರಾಸ್ ನಿವಾಸಿ:
ಹಾಗಾದರೆ ಮನವಿಯಲ್ಲಿ ಇಷ್ಟು: ಸೈಟಿಗೆ ಮೂರು ಮನೆ ಅಂತಲೇ ಲೆಕ್ಕ ಹಿಡಿದು ದೊಡ್ಡ ಪೈಪು ಅಥವಾ ಬೇರೆ ಲೈನು, ಮಳೆನೀರಿಗೆ ಪ್ರತ್ಯೇಕ ಚರಂಡಿ, ಇವೆಲ್ಲ ಚಾಲೂ ಆದಮೇಲೇ ಮುಂದಿನ ಹಂತದ ಸೈಟು. ಹುಡಾ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ) ಆಯುಕ್ತರಿಗೆ ಒಂದು, ಜಿಲ್ಲಾಧಿಕಾರಿಗೆ ಒಂದು ಪ್ರತಿ. ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸ್ಕೊಂಡೇ ಬರೋಣ. ಸಹಿ ಹಾಳೆ ಭಾನುವಾರ ಬೆಳಗ್ಗೆ ಪಾರ್ಕಿನಲ್ಲಿ ಇರುತ್ತೆ, ಮನೆ ನಂಬರ್ ಬರೆದೇ ಸಹಿ ಮಾಡಿ.