ಪ್ರಿಮೊರ್ಸ್ಕಿ ಜಿಲ್ಲೆಯ ಕೇಂದ್ರ ಜಿಲ್ಲೆಯ ಹೊರಗೇ ಇರಬೇಕಾ?

ಶಶಿಧರ: ರಷ್ಯಾದ ಉತ್ತರದಲ್ಲಿ ಅರ್ಖಾಂಗೆಲ್ಸ್ಕ್ ಪ್ರಾಂತ್ಯ ಇದೆಯಲ್ಲ, ಅಲ್ಲಿ ಬಿಳಿ ಸಮುದ್ರದ ದಂಡೆಗೆ ಪ್ರಿಮೊರ್ಸ್ಕಿ ಅಂತ ಒಂದು ಜಿಲ್ಲೆ. 1929ರಲ್ಲಿ ಆಗಿದ್ದು. ಅದರ ಕಚೇರಿ ಅರ್ಖಾಂಗೆಲ್ಸ್ಕ್ ನಗರದಲ್ಲಿದೆ, ಆದರೆ ಆ ನಗರ ಈ ಜಿಲ್ಲೆಗೆ ಸೇರಿಯೇ ಇಲ್ಲ! ಸೆವೆರೊದ್ವಿನ್ಸ್ಕ್, ನೊವೊದ್ವಿನ್ಸ್ಕ್ ನಗರಗಳೂ ಬೇರೆ. ಇಷ್ಟು ಸಾಲದು ಅಂತ ಧ್ರುವದ ಹತ್ತಿರದ ಫ್ರಾನ್ಸ್ ಜೋಸೆಫ್ ಲ್ಯಾಂಡ್ ದ್ವೀಪಗಳನ್ನೂ ಇದಕ್ಕೇ ಸೇರಿಸಿದ್ದಾರೆ, ಅವು ನಗರದಿಂದ 1,700 ಕಿ.ಮೀ.ಗೂ ಜಾಸ್ತಿ ದೂರ. ದುಡಿಮೆ ಇರುವ ಊರುಗಳನ್ನು ಹೊರಗಿಟ್ಟು ಹಳ್ಳಿ, ಕಾಡು, ಜೌಗು, ಮಂಜನ್ನು ಒಂದು ಜಿಲ್ಲೆ ಮಾಡಿದರೆ ಹಳ್ಳಿಯವರ ಗತಿ ಏನು? ಮೊದಲು ಕಚೇರಿಯನ್ನು ಜಿಲ್ಲೆಯ ಒಳಗೆ ತರಬೇಕು.

ಸುಮನಾ: ಯಾವ ಹಳ್ಳಿಗೆ ತರುತ್ತೀರಿ ಶಶಿಧರ್ ಅವರೇ? ನಾನು ಅದೇ ನಗರದಲ್ಲಿ ಮೆಡಿಕಲ್ ಓದಿದವಳು. ಲೊಪ್ಶೆಂಗಾ, ಯಾರೆಂಗಾ, ಲೆತ್ನ್ಯಾಯಾ ಜೊಲೊತಿತ್ಸಾ, ಈ ಕಡಲಂಚಿನ ಊರುಗಳಿಗೆ ನಗರದಿಂದ ಸರಿಯಾದ ರಸ್ತೆ ಇಲ್ಲ. ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಬುರಾನ್ ಗಾಡಿ, ಇಲ್ಲದಿದ್ದರೆ ನಗರದ ಹತ್ತಿರದ ವಾಸ್ಕೊವೊ ನಿಲ್ದಾಣದಿಂದ ಹಾರುವ ಪುಟ್ಟ ವಿಮಾನ. ಒಮ್ಮೆ ಗೆಳತಿಯನ್ನು ಬಿಡಲು ಆ ನಿಲ್ದಾಣಕ್ಕೆ ಹೋಗಿದ್ದೆ. ಬೆಂಚಿನ ಮೇಲೆ ಲೊಪ್ಶೆಂಗಾದ ಒಬ್ಬರು ಅಜ್ಜಿ, ಮಡಿಲಲ್ಲಿ ಮೊಟ್ಟೆಯ ಟ್ರೇ, ಕಾಲ ಬಳಿ ದಾರ ಬಿಗಿದ ಟೊಮೆಟೊ ಸಸಿಯ ಡಬ್ಬ. ತೀರಿಕೊಂಡ ಗಂಡನ ಮನೆಯ ಕಾಗದಕ್ಕೆ ಒಂದು ಸಹಿ ಬೇಕಿತ್ತಂತೆ, ಅದಕ್ಕೇ ಬಂದಿದ್ದರು. ಸಹಿ ಒಂದೇ ಗಂಟೆಯಲ್ಲಿ ಆಯ್ತು, ಆಮೇಲೆ ಮಂಜು ಕವಿದು ವಿಮಾನ ಹೊರಡದೆ ಅವತ್ತಿಗೆ ಮೂರನೇ ದಿನ. ಸಸಿ ಬಾಡದಿರಲಿ ಅಂತ ಆಗಾಗ ನೀರು ಚಿಮುಕಿಸುತ್ತಿದ್ದರು. ನೀವು ಕಚೇರಿಯನ್ನು ಜಿಲ್ಲೆಯ ಉಯ್ಮಾ ಹಳ್ಳಿಗೆ ತಂದರೆ ಅವರು ವಾಸ್ಕೊವೊದಲ್ಲಿ ಇಳಿದು, ದ್ವಿನಾ ನದಿಯ ಸೇತುವೆ ದಾಟಿ, ಅದೇ ನಗರದ ಮೂಲಕ ಇನ್ನೂ ಮುಂದೆ ಹೋಗಬೇಕು. ದಾರಿಗಳೆಲ್ಲ ನಗರಕ್ಕೇ ಬರುತ್ತವೆ ಅಂದಮೇಲೆ ಕಚೇರಿ ಅಲ್ಲೇ ಇರುವುದು ಒಳ್ಳೆಯದು ಅಲ್ವಾ?

ಗಣೇಶ: ಬಿಳಿ ಸಮುದ್ರದಲ್ಲಿ, ಇದೇ ಪ್ರಾಂತ್ಯಕ್ಕೆ ಸೇರಿದ ಸೊಲೊವೆಟ್ಸ್ಕಿ ದ್ವೀಪಗಳ ಕಥೆ ಬೇರೆ. ಅದು 1992ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಜಾಗ, ಹಳೆಯ ಮಠ ಇದೆ. ಬೇಸಿಗೆಯಲ್ಲಿ ಪಕ್ಕದ ಕರೇಲಿಯಾ ಗಣರಾಜ್ಯದ ಕೆಮ್ ಊರಿನ ಕಡೆಯಿಂದ ಹಡಗಲ್ಲಿ ಎರಡು ಗಂಟೆ ಸಾಕು. ಅರ್ಖಾಂಗೆಲ್ಸ್ಕ್ ಅದಕ್ಕಿಂತ ಎಷ್ಟೋ ದೂರ. ಅದನ್ನಾದರೂ ಕರೇಲಿಯಾಕ್ಕೆ ಕೊಡಬಹುದಲ್ಲ?

ಸುಮನಾ: ಬೇಸಿಗೆ ಮುಗಿದ ಮೇಲೆ? ಕಡಲು ಹೆಪ್ಪುಗಟ್ಟಿದರೆ ಕೆಮ್ ಹಡಗು ನಿಲ್ಲುತ್ತದೆ. ಆಗ ಅರ್ಖಾಂಗೆಲ್ಸ್ಕ್ ವಿಮಾನವೇ ಗತಿ. ಪ್ರವಾಸಿಗಳ ದಾರಿ ನೋಡಿ ಗಡಿ ಹಾಕಬಾರದು, ಅಲ್ಲೇ ಚಳಿಗಾಲ ಕಳೆಯುವವರನ್ನು ನೋಡಿ ಹಾಕಬೇಕು.

ರೇಖಾ: ದುಡಿಮೆ ಇಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ನಗರದ ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಲೊಮೊನೊಸೊವ್ ವಜ್ರದ ಗಣಿ ಇದೆ, ಅದು ಇದೇ ಜಿಲ್ಲೆಯದು. ಗಣಿ ಇರುವುದು ಜೊಲೊತಿತ್ಸಾ ನದಿಯ ಮೇಲ್ಭಾಗದಲ್ಲಿ, ನದಿ ಕಡಲು ಸೇರುವಲ್ಲಿ ಜಿಮ್ನ್ಯಾಯಾ ಜೊಲೊತಿತ್ಸಾ ಎಂಬ ಮೀನುಗಾರರ ಹಳ್ಳಿ. ‘ಕಡಲೇ ನಮ್ಮ ಹೊಲ’ ಅನ್ನುವ ಪೊಮೊರ್ ಜನ ಅವರು. ಮೇಲೆ ವಜ್ರ ತೆಗೆಯುವಾಗ ಕೆಳಗಿನ ನೀರು ಏನಾಗುತ್ತದೆ ಅಂತ ಕೇಳುವ ಹಕ್ಕು ಮೊದಲು ಅವರಿಗೇ ಸಿಗಬೇಕು. ನನಗೆ ಕಚೇರಿಯ ಕಟ್ಟಡಕ್ಕಿಂತ ಇದೇ ದೊಡ್ಡ ಪ್ರಶ್ನೆ.

ಶಶಿಧರ: ಸುಮನಾ ಅವರೇ, ದಾರಿಯ ವಿಷಯ ಒಪ್ಪಿದೆ, ನಾನು ಸುಮ್ನೆ ನಕ್ಷೆ ನೋಡಿ ಮಾತಾಡಿದ್ದೆ. ಹಾಗಾದರೆ ರೇಖಾ ಅವರ ಮಾತೇ ಮುಖ್ಯ. 2019ರ ಕಾನೂನು ರಷ್ಯಾದಲ್ಲಿ ‘ಮುನಿಸಿಪಲ್ ಓಕ್ರುಗ್’ ಅಂತ ಹೊಸ ಪದ್ಧತಿ ತಂದಿದೆ. ಅದರಲ್ಲಿ ಹಳ್ಳಿಗಳ ಸ್ವಂತ ಕೌನ್ಸಿಲ್ ಹೋಗಿ ಇಡೀ ಪ್ರದೇಶಕ್ಕೆ ಒಂದೇ ಕೌನ್ಸಿಲ್. ಅರ್ಖಾಂಗೆಲ್ಸ್ಕ್ ಪ್ರಾಂತ್ಯವೂ ಆ ದಾರಿ ಹಿಡಿದಿದೆ. ಖರ್ಚು ಉಳಿಯುತ್ತದೆ ಅಂತಾರೆ. ರಸ್ತೆ ಇರುವ ಕಡೆ ಸರಿ, ವಿಮಾನಕ್ಕೆ ಕಾಯುವ ಊರಲ್ಲಿ ಇದು ತಪ್ಪು.

ಗಣೇಶ: ನೂರಿನ್ನೂರು ಜನರ ಊರಿಗೂ ಒಂದು ಕೌನ್ಸಿಲ್, ಅಧ್ಯಕ್ಷ, ಗುಮಾಸ್ತ, ಲೆಕ್ಕಪತ್ರ ಅಂದರೆ ದುಡ್ಡು ಎಲ್ಲಿಂದ ಬರಬೇಕು?

ಸುಮನಾ: ಕೌನ್ಸಿಲ್ ಬೇಡ ಅಂತಲೇ ಇಟ್ಟುಕೊಳ್ಳಿ ಗಣೇಶ್. ಸಹಿ ಹಾಕುವ ಅಧಿಕಾರ ಇರುವ ಒಬ್ಬರು ಲೊಪ್ಶೆಂಗಾದಲ್ಲೇ ಇದ್ದಿದ್ದರೆ, ಆ ಅಜ್ಜಿ ಒಂದು ಕಾಗದಕ್ಕೆ ಅಷ್ಟು ದೂರ ಹಾರಿ ಬರಬೇಕಿರಲಿಲ್ಲ. ಒಬ್ಬರ ಸಂಬಳ, ಅಷ್ಟೇ.