ಶಾಂತಿಪಾಲನೆಗೆ ಹೊರಟ ಜವಾನರಿಗೆ ಇಂಗ್ಲಿಷ್: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ:
ದಕ್ಷಿಣ ಸುಡಾನ್‌ಗೆ ಹೋಗುವ 24 ಜನರ ತಂಡ. ಆರು ವಾರ, ದಿನಕ್ಕೆ ಎರಡು ಗಂಟೆ ಪಾಠ. ಓದಿದರೆ ಅರ್ಥ ಆಗುತ್ತೆ, ವೈರ್‌ಲೆಸ್ ಕೈಗೆ ಬಂದರೆ ಬಾಯಿ ಕಟ್ಟುತ್ತೆ. ವ್ಯಾಕರಣದಿಂದ ಶುರು ಮಾಡಲಾ?

ಉತ್ತರ 1:
ಬೇಡ, ಮೊದಲು ಕಿವಿ ಪಳಗಲಿ. ಮೊದಲ ವಾರ ಪೂರ್ತಿ ಆಲ್ಫಾ-ಬ್ರಾವೊ-ಚಾರ್ಲಿ (ವೈರ್‌ಲೆಸ್‌ನಲ್ಲಿ A, B, C ಹೇಳುವ ರೀತಿ) ಮತ್ತು ಅಂಕಿಗಳು, ಅಷ್ಟೇ. ಗೊರಗೊರ ಸದ್ದಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಥರ ಕೇಳುತ್ತವೆ. ಅದಕ್ಕೇ ‘ವನ್ ಫೈಫ್’, ‘ಫೈಫ್ ಜೀರೊ’ ಅಂತ ಬಿಡಿಸಿ ಹೇಳಿಸಿ. ವೈರ್‌ಲೆಸ್‌ನಲ್ಲಿ 5 ಅಂದರೆ ‘ಫೈಫ್’, 9 ಅಂದರೆ ‘ನೈನರ್’. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ. ಒಬ್ಬ ಎಂಟಂಕಿಯ ಗ್ರಿಡ್ (ನಕ್ಷೆಯಲ್ಲಿ ಜಾಗ ಗುರುತಿಸುವ ಸಂಖ್ಯೆ) ಹೇಳಲಿ, ಇನ್ನೊಬ್ಬ ಬರೆದುಕೊಂಡು ತಿರುಗಿ ಓದಲಿ. ಎರಡನೇ ಅಂಕಿ ಒಂದು ಹೆಚ್ಚುಕಮ್ಮಿ ಆದರೂ ಜಾಗ ಒಂದು ಕಿಲೋಮೀಟರ್ ಆಚೆ ಹೋಗುತ್ತೆ.

ಕೇಳಿಸದಿದ್ದರೆ ‘ಸೇ ಅಗೇನ್’, ‘ರಿಪೀಟ್’ ಅಲ್ಲ. ಫಿರಂಗಿ ದಳದವರಿಗೆ ‘ರಿಪೀಟ್’ ಅಂದರೆ ಅದೇ ಗುರಿಗೆ ಮತ್ತೆ ಹೊಡೆ ಅಂತ. ‘ಓವರ್ ಅಂಡ್ ಔಟ್’ ಸಿನಿಮಾಕ್ಕೇ ಇರಲಿ: ಓವರ್ ಅಂದರೆ ನೀವು ಮಾತಾಡಿ, ಔಟ್ ಅಂದರೆ ಮಾತು ಮುಗೀತು.

ಉತ್ತರ 2:
ನಮ್ಮ ಕನ್ನಡದ ‘ಹೌದು’ ಕೈಕೊಡುವ ಜಾಗ ಒಂದಿದೆ. ‘ಯಾರಿಗೂ ಗಾಯ ಆಗಿಲ್ವಾ?’ ಅಂದರೆ ‘ಹೌದು, ಆಗಿಲ್ಲ’ ಅಂತೀವಿ. ಅದೇ ರೂಢಿಯಲ್ಲಿ ‘ನೋ ಕ್ಯಾಶುವಲ್ಟೀಸ್?’ಗೆ ಬರೀ ‘ಯೆಸ್’ ಅಂದರೆ ಆ ಕಡೆಯವರು ಏನು ತಿಳೀಬೇಕು? ‘ಕ್ಯಾಶುವಲ್ಟೀಸ್, ಜೀರೊ’ ಅಂತಲೇ ಬಾಯಿಪಾಠ ಮಾಡಿಸಿ. ಲಕ್ಷದ ಲೆಕ್ಕವೂ ಬೇಡ. ಘಾನಾ, ಮಂಗೋಲಿಯಾದ ಅಧಿಕಾರಿಗೆ ‘ಟೂ ಲ್ಯಾಕ್’ ಅರ್ಥವಾಗಲ್ಲ, ‘ಟೂ ಹಂಡ್ರೆಡ್ ಥೌಸಂಡ್’ ಅನ್ನಬೇಕು.

ಪ್ರಶ್ನೆ ಕೇಳಿದವರು:
ಸರಿ ಸರ್. ಗಸ್ತಿನ ವರದಿ ಬರೆಸೋದಕ್ಕಾದರೂ ವ್ಯಾಕರಣ ಬೇಕಲ್ವಾ?

ಉತ್ತರ 3:
ಬೇಕು, ಆದರೆ ಚೂರೇ ಚೂರು. ಭೂತಕಾಲ ಗಟ್ಟಿ ಮಾಡಿಸಿ. ಜೊತೆಗೆ ‘ವಿ ಸಾ’ ಮತ್ತು ‘ವಿ ವರ್ ಟೋಲ್ಡ್’ ನಡುವಿನ ವ್ಯತ್ಯಾಸ. ಊರ ಹಿರಿಯ ಹೇಳಿದ್ದನ್ನು ಕಣ್ಣಾರೆ ಕಂಡಂತೆ ಬರೆದರೆ ಇಡೀ ವರದಿ ಹಾಳು. ‘ರೆಬೆಲ್ಸ್ ಅಟ್ಯಾಕ್ಡ್’ ಅಂತ ಬರೆದವನನ್ನು ನಿಲ್ಲಿಸಿ ಕೇಳಿ: ರೆಬೆಲ್ಸ್ ಅಂತ ಯಾರು ಹೇಳಿದ್ದು? ಎಷ್ಟು ಜನ, ಯಾವ ಬಟ್ಟೆ, ಕೈಯಲ್ಲಿ ಏನಿತ್ತು, ಯಾವ ದಿಕ್ಕಿಗೆ ಹೋದರು? ಅದನ್ನೇ ಬರೆಯಲಿ.

ಕೊನೇ ಎರಡು ವಾರ ಗಾಯಾಳು ಸಂದೇಶಕ್ಕೆ ಇಡಿ. ವಿಶ್ವಸಂಸ್ಥೆಯ ಗುರಿ 10-1-2: ಹತ್ತು ನಿಮಿಷದಲ್ಲಿ ಪ್ರಥಮ ಚಿಕಿತ್ಸೆ, ಎರಡು ಗಂಟೆಯೊಳಗೆ ಶಸ್ತ್ರಚಿಕಿತ್ಸೆ, ನಡುವಿನ 1 ಅಂದರೆ ಒಂದು ಗಂಟೆಯೊಳಗೆ ಸಿಗಬೇಕಾದ ತುರ್ತು ಜೀವರಕ್ಷಕ ಆರೈಕೆ. ವಯಸ್ಸು, ಸಮಯ, ಗಾಯ ಹೇಗಾಯ್ತು, ಎಲ್ಲಿ, ನಾಡಿ-ಉಸಿರು, ಕೊಟ್ಟ ಚಿಕಿತ್ಸೆ, ಇದೇ ಕ್ರಮದಲ್ಲಿ ಹೇಳಿಸಿ. ಗಡಿಯಾರ ಹಿಡಿದೇ ಮಾಡಿಸಿ. ಮೈದಾನದಲ್ಲಿ ಒಂದು ಸುತ್ತು ಓಡಿಸಿ, ಏದುಸಿರಿನಲ್ಲೇ ಮೈಕ್ ಕೊಡಿ. ಕ್ಲಾಸಲ್ಲಿ ಸರಾಗವಾಗಿ ಹೇಳಿದವರು ಎಲ್ಲಿ ತಡವರಿಸ್ತಾರೆ ಅನ್ನೋದು ಆಗ ಗೊತ್ತಾಗುತ್ತೆ.